ಬೀಗರ ಮಾತಿಗೊಂದು ಸುಂಕದ ಕಟ್ಟೆ

ವೆಂದೆಲ್ ಕೊಸಿಗೆ ಒಂಬತ್ತು ಭಾಷೆ ಬರುತ್ತದೆ ಎಂಬುದನ್ನು ಊರಿನವರು ಪರೀಕ್ಷೆ ಮಾಡದೆಯೇ ಒಪ್ಪಿಕೊಂಡಿದ್ದರು. ಮೂವತ್ತೊಂದು ವರ್ಷ ಆಸ್ಟ್ರಿಯಾ ಗಡಿಯ ಸುಂಕದ ಕಟ್ಟೆಯಲ್ಲಿ ನಿಂತು, ಲಾರಿಯವರ ಕಾಗದಪತ್ರ ನೋಡಿ ನೋಡಿ ಕಣ್ಣು ಮಂಜಾದ ಮನುಷ್ಯ ಅವನು. ಬೇರೆಯವರಾಗಿದ್ದರೆ ಅಲ್ಲಿಂದ ಸಿಗರೇಟು, ಕಾಫಿಪುಡಿ ಮನೆಗೆ ತರುತ್ತಿದ್ದರು. ವೆಂದೆಲ್ ಪ್ರಾಮಾಣಿಕ. ಅವನು ಶಬ್ದಗಳನ್ನು ಮಾತ್ರ ತಂದ.

ಅವನಿಗೆ ಹುಚ್ಚು ಹಿಡಿಸಿದ್ದು ಒಂದೇ ಜಾತಿಯ ಶಬ್ದಗಳು: ಅಕ್ಷರಕ್ಕೆ ಅಕ್ಷರ ಒಂದೇ, ದೇಶ ದಾಟಿದರೆ ಅರ್ಥ ಬೇರೆ. 'ಮೊಸ್ತ್' ಎಂದು ಬರೆದರೆ ಸ್ಲೊವೇನಿಯಾದವರಾದ ನಮಗೆ ಸೇತುವೆ, ಹಂಗೇರಿಯವನಿಗೆ 'ಈಗ', ಆಸ್ಟ್ರಿಯಾದವನಿಗೆ ಹುಳಿ ಬಂದ ಸೇಬಿನ ರಸ. 'ರೋಕ್' ಎಂದರೆ ನಮಗೆ ಗಡುವು, ಚೆಕ್ಕರಿಗೆ ವರ್ಷ, ಡಚ್ಚರಿಗೆ ಹೆಂಗಸರ ಲಂಗ. ಹೀಗೆ ನಾನೂರು ಚೀಟಿ ಬೂಟಿನ ಡಬ್ಬಿಯೊಂದರಲ್ಲಿ ತುಂಬಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಹೆಂಡದಂಗಡಿಯಲ್ಲಿ ಕೂತು ಒಂದೊಂದೇ ಚೀಟಿ ಬಿಚ್ಚಿದರೆ, ಹಾಲು ಕರೆಯುವ ಹೊತ್ತಾದರೂ ಜನ ಏಳುತ್ತಿರಲಿಲ್ಲ. ಒಂದು ಶಬ್ದಕ್ಕೆ ಐದು ದೇಶದ ಅರ್ಥ ಹೇಳಬಲ್ಲವನಿಗೆ ಆ ಐದೂ ಭಾಷೆ ಬರಲೇಬೇಕು ಎಂದು ಅವರು ಲೆಕ್ಕ ಹಾಕಿದರು. ವೆಂದೆಲ್ ಆ ಲೆಕ್ಕ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಒಂಬತ್ತು ಭಾಷೆಗಳಲ್ಲೂ ಯಾವ ಯಾವ ಶಬ್ದವನ್ನು ಬಾಯಿಬಿಟ್ಟು ಆಡಬಾರದು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಆಡಬಹುದಾದ ಶಬ್ದ ಒಂದೂ ಗೊತ್ತಿರಲಿಲ್ಲ.

ಯುರೋಪು ಒಂದಾಗಿ, ಗಡಿಯ ಗೇಟು ಕಿತ್ತು, ವೆಂದೆಲ್ ನಿವೃತ್ತನಾಗಿ ಎಷ್ಟೋ ವರ್ಷ ಈ ಕೀರ್ತಿಗೆ ಧಕ್ಕೆ ಬರಲಿಲ್ಲ. ಧಕ್ಕೆ ತಂದವಳು ಅವನ ಒಬ್ಬಳೇ ಮಗಳು ಉರ್ಶ್ಕಾ. ಬ್ರ್ನೊ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಅಲ್ಲಿನ ವೊಯ್ತೇಖ್ ಎಂಬ ಚೆಕ್ ಹುಡುಗನನ್ನು ಮೆಚ್ಚಿದಳು. ಅಕ್ಟೋಬರ್ ಕೊನೆಯ ಶನಿವಾರ ಹುಡುಗನ ತಂದೆತಾಯಿ, ಬೊಹುಮಿಲ್ ಮತ್ತು ಲಿಬುಶೆ ಸ್ಕೊಪಾಲ್, ಬೀಗರ ಮನೆ ನೋಡಲು ಬರುವುದೆಂದು ನಿಶ್ಚಯವಾಯಿತು. ಮದುವೆ ಎಲ್ಲಿ ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು. ತಮ್ಮೂರಲ್ಲಿ ದೊಡ್ಡ ಸಭಾಂಗಣವಿದೆ, ಅಲ್ಲೇ ಆಗಲಿ ಎಂಬುದು ಸ್ಕೊಪಾಲರ ಮನಸ್ಸು.

ವೆಂದೆಲನ ಹೆಂಡತಿ ರೇಜಿಕಾಳಿಗೆ ಈ ಮಾತು ಕೇಳಿದಾಗಿನಿಂದ ನಿದ್ದೆಯಿಲ್ಲ. ಅವಳ ತಾಯಿ ಈ ಊರಿನ ಇಗರ್ಜಿಯಲ್ಲೇ ಮದುವೆಯಾದವಳು, ಅವಳೂ ಅಲ್ಲೇ ಆದವಳು. ಇರುವ ಒಬ್ಬ ಮಗಳು ತನ್ನ ಹೊಸಿಲು ದಾಟಿ ಮದುವೆಗೆ ಹೋಗುವುದನ್ನು ಕಣ್ಣಾರೆ ನೋಡಬೇಕು ಎಂಬುದಷ್ಟೇ ಅವಳ ಆಸೆ.

"ಇಷ್ಟು ವರ್ಷ ಬಾಯಲ್ಲಿ ಒಂಬತ್ತು ಭಾಷೆ ಇಟ್ಕೊಂಡು ಓಡಾಡಿದೀಯ," ಎಂದಳು. "ಒಂದನ್ನಾದ್ರೂ ಮಗಳಿಗೋಸ್ಕರ ಖರ್ಚು ಮಾಡು. ಅವರ ಮನಸ್ಸು ಒಲಿಸ್ಕೋ. ನಾನು ಇನ್ನೇನೂ ಕೇಳಲ್ಲ."

"ಚಿಂತೆ ಬಿಡು," ಎಂದ ವೆಂದೆಲ್. ಅಂದಿನಿಂದ ಅವನಿಗೂ ನಿದ್ದೆಯಿಲ್ಲ.

ಶನಿವಾರ ಬೆಳಿಗ್ಗೆ ಉರ್ಶ್ಕಾಳ ಫೋನು ಬಂತು. ಪಾಳಿ ಮುಗಿಯುವುದು ತಡವಾಯಿತು, ತಾನೂ ವೊಯ್ತೇಖನೂ ಒಂದು ಗಂಟೆ ತಡವಾಗಿ ಬರುತ್ತೇವೆ, ಅತ್ತೆ ಮಾವ ಬೇರೆ ಕಾರಿನಲ್ಲಿ ಮುಂದೆ ಹೊರಟಿದ್ದಾರೆ ಎಂದಳು.

"ಅಪ್ಪ, ಗಾಬರಿ ಬೀಳ್ಬೇಡ. ನಮ್ಮ ಮಾತನ್ನೇ ನಿಧಾನಕ್ಕೆ ಆಡು. ಅವರಿಗೆ ಮುಕ್ಕಾಲು ಪಾಲು ಅರ್ಥ ಆಗುತ್ತೆ."

"ಆ ಮುಕ್ಕಾಲೇ ಅಪಾಯ ಕಣಮ್ಮ," ಎಂದು ವೆಂದೆಲ್ ಫೋನಿಟ್ಟ.

ಇದು ಅವನ ವೃತ್ತಿಯ ಪಾಠ. ಗಡಿಯಲ್ಲಿ ಕಳ್ಳಸಾಮಾನು ಸಾಗಿಸುತ್ತಿದ್ದವರು ಗುರುತು ಪರಿಚಯವಿಲ್ಲದ ಪರದೇಶಿಗಳಲ್ಲ. ನಮ್ಮವರ ಹಾಗೇ ಟೋಪಿ ಇಟ್ಟು, ನಮ್ಮವರ ಹಾಗೇ ನಕ್ಕು, ಸೀಟಿನ ಕೆಳಗೆ ಮಾಲು ಇಟ್ಟುಕೊಂಡವರು. ಪೋರ್ಚುಗೀಸು ಮಾತಾದರೆ ಅರ್ಥವೇ ಆಗುವುದಿಲ್ಲ, ಹೆದರಿಕೆಯೂ ಇಲ್ಲ. ಚೆಕ್ ಮಾತು ನಮ್ಮ ಸ್ಲೊವೇನ್ ಮಾತಿನ ದಾಯಾದಿ. ಅರ್ಥವಾದಂತೆ ಕಾಣುವ ಮಾತನ್ನೇ ತಡೆದು ನಿಲ್ಲಿಸಿ ತಪಾಸಣೆ ಮಾಡಬೇಕು ಎಂದು ಅವನು ನಿರ್ಧರಿಸಿದ.

ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಸಭೆ ಸೇರಿತು. ರೇಜಿಕಾ ಇದ್ದಳು. ಪಕ್ಕದ ಮನೆಯ ದ್ರಾಗೊ ಇದ್ದ. ಅವನು ಊರಿನ ಅಗ್ನಿಶಾಮಕ ಸಂಘದ ಮುಖ್ಯಸ್ಥ. ನಮ್ಮಲ್ಲಿ ಬೆಂಕಿ ಬೀಳುವುದು ಅಪರೂಪವಾದ್ದರಿಂದ ಸಂಘದವರು ಹೊಸ ಟ್ರ್ಯಾಕ್ಟರಿನ ಪೂಜೆಯಿಂದ ಹಿಡಿದು ಅಜ್ಜಿಯ ತೊಂಬತ್ತನೇ ಹುಟ್ಟುಹಬ್ಬದವರೆಗೆ ಎಲ್ಲಕ್ಕೂ ಸಮವಸ್ತ್ರ ತೊಟ್ಟು, ಧ್ವಜ ಹಿಡಿದು ನಿಲ್ಲುತ್ತಾರೆ. ಊರಿಗೆ ಮೊದಲ ಸಲ ವಿದೇಶಿ ಬೀಗರು ಬರುವಾಗ ಬಿಡುತ್ತಾರೆಯೇ? ದ್ರಾಗೊ ಐದು ಜನರನ್ನು ಇಸ್ತ್ರಿ ಮಾಡಿಸಿ ಕರೆತಂದಿದ್ದ.

ವೆಂದೆಲ್ ಕನ್ನಡಕ ಏರಿಸಿ ಚೆಕ್ ಭಾಷೆಗೆ ಸಂಬಂಧಪಟ್ಟ ನಲವತ್ತಮೂರು ಚೀಟಿಗಳನ್ನು ಮೇಜಿನ ಮೇಲೆ ಹರಡಿದ.

"ಇವು ನಿಷೇಧಿತ ಮಾಲು. ನಮ್ಮ 'ಮಗು' ಅವರಿಗೆ 'ಗುಲಾಮ'. ನಮ್ಮ 'ಮುಖ' ಅವರಿಗೆ 'ಚಿತ್ರಪಟ'. ನಮ್ಮ 'ಶಾಂತಿ' ಅವರಿಗೆ 'ಕೋಣೆ'."

ದ್ರಾಗೊ ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರೆ, ನಿಮ್ಮ ಮಗುವಿನ ಮುಖ ನೋಡಿ ನಂಗೆ ಶಾಂತಿ ಆಯ್ತು ಅಂತ ನಾನಂದ್ರೆ?"

"ನಿಮ್ಮ ಗುಲಾಮನ ಚಿತ್ರಪಟ ನೋಡಿ ನಂಗೆ ಕೋಣೆ ಆಯ್ತು."

ದ್ರಾಗೊ ಟೋಪಿ ತೆಗೆದು ಹಣೆ ಒರೆಸಿಕೊಂಡ. ಸ್ವಾಗತ ಭಾಷಣವೆಂದು ಅವನು ಬರೆದುಕೊಂಡು ಬಂದಿದ್ದೇ ಹೆಚ್ಚುಕಡಿಮೆ ಆ ವಾಕ್ಯ. ಕಾಗದವನ್ನು ಮೆಲ್ಲಗೆ ಮಡಚಿ ಒಲೆಗೆ ಹಾಕಿದ.

"ನಲವತ್ತಮೂರು ನಂಗೆ ಗೊತ್ತಿರೋದು," ಎಂದ ವೆಂದೆಲ್. "ಗೊತ್ತಿಲ್ಲದ್ದು ಎಷ್ಟಿದ್ಯೋ. ಅದಕ್ಕೇ, ಅನುಮಾನ ಬಂದ್ರೆ ಬಾಯಿ ಬಿಡ್ಬೇಡಿ. ನಾನು ಸನ್ನೆ ಮಾಡೋ ತನಕ ಯಾರೂ ಒಂದು ಮಾತೂ ಆಡಕೂಡದು."

"ಬರ್ತಿರೋದು ಬೀಗರು ವೆಂದೆಲ್, ಕಳ್ಳಸಾಗಣೆ ಲಾರಿ ಅಲ್ಲ," ಎಂದಳು ರೇಜಿಕಾ.

"ಮದುವೆ ಇಲ್ಲಾಗ್ಬೇಕೋ ಬೇಡ್ವೋ?"

ರೇಜಿಕಾ ಬಾಯಿ ಮುಚ್ಚಿದಳು. ಮುಚ್ಚಿ, ಮಾಂಸಕ್ಕೆ ನಂಚಿಕೊಳ್ಳಲು ಹ್ರೆನ್ ಎಂಬ ಖಾರದ ಬೇರನ್ನು ತುರಿಯಲು ಕೂತಳು. ಅದನ್ನು ತುರಿದರೆ ಈರುಳ್ಳಿಯ ಹತ್ತರಷ್ಟು ಕಣ್ಣೀರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ನವೆಂಬರ್ ಒಂದಕ್ಕೆ ಎಲ್ಲರೂ ಸಮಾಧಿಗೆ ಹೋಗಿ, ತಮ್ಮ ಹಿರಿಯರಿಗೆ ಸೇವಂತಿಗೆ ಹೂವಿಟ್ಟು ದೀಪ ಹಚ್ಚುತ್ತಾರೆ. ಆದ್ದರಿಂದ ಅಕ್ಟೋಬರ್ ಕೊನೆಯ ವಾರ ಪ್ರತಿ ಮನೆಯ ಜಗುಲಿಯ ಮೇಲೂ ಬಿಳಿ ಸೇವಂತಿಗೆಯ ಕುಂಡಗಳು, ಕೆಂಪು ಗಾಜಿನ ದೀಪಗಳ ಪೆಟ್ಟಿಗೆಗಳು ಸಿದ್ಧವಾಗಿರುತ್ತವೆ. ಕೊಸಿ ಮನೆಯ ಜಗುಲಿಯ ಮೇಲೆ ಹನ್ನೆರಡು ಕುಂಡ, ಎರಡು ಪೆಟ್ಟಿಗೆ ದೀಪ. ಬಾಗಿಲಲ್ಲಿ ಕಪ್ಪು ಸೂಟು ತೊಟ್ಟ ವೆಂದೆಲ್. ಅವನಿಗೆ ಇದ್ದದ್ದು ಅದೊಂದೇ ಸೂಟು. ಅಂಗಳದಲ್ಲಿ ಧ್ವಜ ಹಿಡಿದ ಆರು ಜನ, ಒಬ್ಬರದೂ ತುಟಿ ಪಿಟಕ್ಕೆನ್ನುವುದಿಲ್ಲ.

ಸ್ಕೊಪಾಲರ ಹಸಿರು ಕಾರು ಬಂದು ನಿಂತದ್ದು ಈ ಚಿತ್ರದ ಎದುರಿಗೆ.

ಬೊಹುಮಿಲ್ ಎತ್ತರದ ಆಳು. ಪ್ಲಮ್ ತೋಟದವನು, ಕೆಂಪು ಕೆನ್ನೆ. ಬಾಯ್ತುಂಬ ನಗುತ್ತ, ಮನೆಯಲ್ಲೇ ಇಳಿಸಿದ ಪ್ಲಮ್ ಸಾರಾಯಿಯ ಬಾಟಲಿ ಎತ್ತಿ ಹಿಡಿದು ಇಳಿದ. ಎರಡು ಹೆಜ್ಜೆ ಇಟ್ಟ. ನಗು ಅರ್ಧಕ್ಕೆ ಇಳಿಯಿತು. ಹೂವಿನ ಕುಂಡ ನೋಡಿದ, ದೀಪ ನೋಡಿದ, ಧ್ವಜ ನೋಡಿದ. ಬಾಟಲಿಯನ್ನು ಕೋಟಿನೊಳಗೆ ತುರುಕಿಕೊಂಡ. ಅಷ್ಟರಲ್ಲಿ ರೇಜಿಕಾ ಕೆಂಪು ಕಣ್ಣು, ಸೋರುವ ಮೂಗು, ಕೈಯಲ್ಲಿ ಒದ್ದೆ ಕರವಸ್ತ್ರದೊಂದಿಗೆ ಹೊರಗೆ ಬಂದು, ಬೀಗಿತ್ತಿಯ ಎರಡೂ ಕೈ ಹಿಡಿದು ಮಾತಿಲ್ಲದೆ ನಿಂತಳು. ಲಿಬುಶೆ ಅವಳ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಬೊಹುಮಿಲ್ ವೆಂದೆಲನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಾರು?" ಎಂದ.

ವೆಂದೆಲನಿಗೆ ಥಟ್ಟನೆ ಅರ್ಥವಾಯಿತು. ಅದಕ್ಕೇ ಅವನಿಗೆ ಅನುಮಾನ ಬಂತು. ಚೀಟಿಯಲ್ಲಿಲ್ಲದ ಶಬ್ದ. ಬಹಳ ಯೋಚಿಸಿ, ಮನೆಯ ಯಜಮಾನ ಯಾರು ಎಂದು ಕೇಳುತ್ತಿರಬೇಕು ಎಂದು ತೀರ್ಮಾನಿಸಿ, ಗಂಭೀರವಾಗಿ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ.

"ನಿಮ್ಮ ಕರುಳಿನ ಕುಡಿಯೇ," ಎಂದು ಬೊಹುಮಿಲ್ ತನ್ನಲ್ಲೇ ಅಂದುಕೊಂಡನಂತೆ. ಈ ಸಂಗತಿಯೆಲ್ಲ ಆಮೇಲೆ ಉರ್ಶ್ಕಾ ಬಿಡಿಸಿ ಹೇಳಿದ್ದು. ಅವನು, ಎಷ್ಟು ವರ್ಷ ಎಂದು ಕೇಳಿದ.

ಇಲ್ಲಿ ವೆಂದೆಲನ ಮುಖ ಅರಳಿತು. 'ರೋಕ್' ಕಿವಿಗೆ ಬಿದ್ದಿತ್ತು. ಈ ಶಬ್ದ ಅವನ ಡಬ್ಬಿಯಲ್ಲಿತ್ತು. ಗಡುವಲ್ಲ, ಲಂಗವಲ್ಲ, ವರ್ಷ. ನಾನೂರು ಚೀಟಿಗಳಲ್ಲಿ ಒಂದಾದರೂ ಕೆಲಸಕ್ಕೆ ಬಂತು ಎಂದು ಅವನ ಜೀವ ತಣ್ಣಗಾಯಿತು. ಬೀಗರು ತನ್ನ ಸೇವಾವಧಿ ವಿಚಾರಿಸುತ್ತಿದ್ದಾರೆ, ತಿಳಿದ ಜನ. ಅವನು ಹತ್ತು ಬೆರಳನ್ನು ಮೂರು ಸಲ ಬಿಡಿಸಿ, ಕೊನೆಗೆ ಒಂದು ಬೆರಳೆತ್ತಿದ.

"ಮೂವತ್ತೊಂದು," ಎಂದು ಬೊಹುಮಿಲ್ ಹೆಂಡತಿಯ ಕಡೆ ತಿರುಗಿದ. ಅವನ ದನಿ ಒಡೆಯಿತು. ತಮ್ಮ ಮಗ, ಸೊಸೆ ಕ್ಷೇಮವೆಂದು ಅವರಿಗೆ ಗೊತ್ತು, ಹತ್ತು ನಿಮಿಷದ ಹಿಂದಷ್ಟೇ ದಾರಿಯಿಂದ ಫೋನು ಬಂದಿತ್ತು. ಹಾಗಾದರೆ ಉರ್ಶ್ಕಾಳಿಗೆ ಒಬ್ಬ ಅಣ್ಣನಿದ್ದ. ಪಾಪದ ಹುಡುಗಿ, ಅವನ ವಿಷಯ ಒಂದು ದಿನವೂ ಎತ್ತಿರಲಿಲ್ಲ. ಹೇಳಿಕೊಳ್ಳಲಾಗದ ಏನು ಕಾಯಿಲೆಯಿತ್ತೋ. ಸಾವು ನಡೆದ ಮನೆಗೆ ತಾವು ಸಾರಾಯಿ ಹಿಡಿದು ಮದುವೆ ಮಾತಾಡಲು ಬಂದೆವಲ್ಲ ಎಂದು ಆ ಮನುಷ್ಯ ಕರಗಿ ಹೋದ. ವೆಂದೆಲನನ್ನು ಬರಸೆಳೆದು ತಬ್ಬಿಕೊಂಡು ಭುಜದ ಮೇಲೆ ತಲೆಯಿಟ್ಟು ಬಿಕ್ಕಿದ.

ವೆಂದೆಲ್ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಮೂವತ್ತೊಂದು ವರ್ಷದ ಸೇವೆಗೆ ಸರ್ಕಾರ ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟಿತ್ತು. ಯಾರೂ ಅತ್ತಿರಲಿಲ್ಲ. ಅವರ ಮೊರಾವಿಯಾ ಸೀಮೆಯಲ್ಲಿ ಬೀಗರು ಭೇಟಿಯಾಗುವ ಪದ್ಧತಿಯೇ ಇದಿರಬೇಕು, ಪದ್ಧತಿಗೆ ಕಡಿಮೆ ಮಾಡಬಾರದು ಎಂದುಕೊಂಡು ಅವನೂ ಬೊಹುಮಿಲನ ಭುಜಕ್ಕೆ ಮುಖ ಒತ್ತಿ ಶಕ್ತ್ಯನುಸಾರ ಅತ್ತ. ಅಳುತ್ತಲೇ ಬೆನ್ನ ಹಿಂದಿನಿಂದ ದ್ರಾಗೊಗೆ ಕೈಸನ್ನೆ ಮಾಡಿದ: ನೀವೂ.

ದ್ರಾಗೊ ಶಿಸ್ತಿನ ಆಳು. ಆರೂ ಜನ ಟೋಪಿ ತೆಗೆದರು. ಎಲ್ಲರೂ ಅಳುವಾಗ ಧ್ವಜ ನೆಟ್ಟಗಿರುವುದು ಸರಿಯಲ್ಲವೆಂದು ಅದನ್ನೂ ನೆಲದತ್ತ ಬಾಗಿಸಿದರು.

ಧ್ವಜ ಬಾಗಿದ್ದನ್ನು ಕಂಡ ಮೇಲೆ ಲಿಬುಶೆಗೆ ಉಳಿದಿದ್ದ ಅನುಮಾನವೂ ಹೋಯಿತು. ಅವಳು ಜಗುಲಿಯ ಪೆಟ್ಟಿಗೆಯಿಂದ ಒಂದು ಕೆಂಪು ದೀಪ ತೆಗೆದು, ಹಚ್ಚಿ, ಸೇವಂತಿಗೆಯ ನಡುವೆ ಇಟ್ಟು ಕೈಮುಗಿದಳು. ರೇಜಿಕಾ ಗಂಡನ ಕಡೆ ನೋಡಿದಳು. ಗಂಡ, ಇದೂ ಪದ್ಧತಿ ಎಂಬಂತೆ ತಲೆಯಾಡಿಸಿದ. ರೇಜಿಕಾ ಒಂದು ಹಚ್ಚಿದಳು. ದ್ರಾಗೊ ಒಂದು ಹಚ್ಚಿದ. ಅಗ್ನಿಶಾಮಕರು ಸರದಿಯಲ್ಲಿ ಬಂದು ಹಚ್ಚಿದರು. ಮಟಮಟ ಮಧ್ಯಾಹ್ನ ಜಗುಲಿಯ ಮೇಲೆ ಒಂದು ಪೆಟ್ಟಿಗೆ ದೀಪ ಉರಿಯತೊಡಗಿತು.

ಆಚೆಮನೆಯ ತಿಲ್ಕಾ ಬೆಳಗಿನ ಸಭೆಯಲ್ಲಿ ಇರಲಿಲ್ಲ. ಗಂಡನ ಸಮಾಧಿಯ ಕಲ್ಲು ತಿಕ್ಕಿ, ಬಕೆಟ್ ಹಿಡಿದು ಬರುತ್ತಿದ್ದವಳು ಬೇಲಿಯ ಆಚೆಯಿಂದ ಇದನ್ನು ಕಂಡು ಬಕೆಟ್ ಕೆಳಗಿಟ್ಟಳು. ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟಿಸುವುದು ಅವಳ ಪಾಲಿಗೆ ಧರ್ಮ. ಇಗರ್ಜಿಯ ಗಂಟೆ ಬಾರಿಸುವ ನಾತ್ಸೆಗೆ ಫೋನು ಮಾಡಿದಳು.

"ನಾತ್ಸೆ, ಕೊಸಿ ಮನೇಲಿ ಸಾವಾಗಿದೆ. ಗಂಟೆ ಹೊಡಿ."

"ಗಂಡಸೋ ಹೆಂಗಸೋ? ಹೆಂಗಸಾದ್ರೆ ಎರಡು ಸರ್ತಿ, ಗಂಡಸಾದ್ರೆ ಮೂರು. ಸರಿಯಾಗಿ ಹೇಳು, ಹೋದ ಸಲ ನಿನ್ನ ಮಾತು ಕೇಳಿ ಮೇಷ್ಟ್ರನ್ನ ಹೆಂಗಸು ಮಾಡಿದೆ."

ತಿಲ್ಕಾ ಕತ್ತು ಉದ್ದ ಮಾಡಿ ಎಣಿಸಿದಳು. ವೆಂದೆಲನ ಮುಖ ಬೀಗರ ಕೋಟಿನಲ್ಲಿ ಹುದುಗಿಹೋಗಿತ್ತು. "ರೇಜಿಕಾ ನಿಂತು ಅಳ್ತಿದಾಳೆ. ವೆಂದೆಲ್ ಕಾಣ್ತಿಲ್ಲ."

"ಹಂಗಾದ್ರೆ ಮೂರು," ಎಂದ ನಾತ್ಸೆ. "ಒಳ್ಳೆ ಮನುಷ್ಯ. ಒಂಬತ್ತು ಭಾಷೆ ಬರ್ತಿತ್ತು."

ಗಂಟೆ ಮೂರು ಸರ್ತಿ ಬಾರಿಸಿ ನಿಂತಿತು. ವೆಂದೆಲ್ ತಲೆಯೆತ್ತಿ, ಊರಿನಲ್ಲಿ ಯಾವ ಗಂಡಸು ಹೋದನೋ ಪಾಪ ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಎಲ್ಲರೂ ಮಾಡಿಕೊಂಡರು. ಬೊಹುಮಿಲ್ ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ.

ಕಾಲು ಗಂಟೆಯಲ್ಲಿ ಜನ ಬರತೊಡಗಿದರು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ವಾಡಿಕೆ ನಮ್ಮಲ್ಲಿಲ್ಲ. ಒಬ್ಬಳು ಬುಟ್ಟಿ ಮೊಟ್ಟೆ, ಒಬ್ಬಳು ಹಿಟ್ಟು, ಒಬ್ಬ ದೊಡ್ಡ ಜಾಡಿಯಲ್ಲಿ ವೈನ್, ಇನ್ನೊಬ್ಬಳು ಆಗಷ್ಟೇ ಒಲೆಯಿಂದ ತೆಗೆದ ಅಕ್ರೋಟು ತುಂಬಿದ ಸುರುಳಿ ರೊಟ್ಟಿ ತಂದರು. ಅಂಗಳಕ್ಕೆ ಕಾಲಿಟ್ಟವರು ಸತ್ತವನು ನಿಂತಿರುವುದನ್ನು ಕಂಡು ಬಾಯಿ ತೆರೆಯುವಷ್ಟರಲ್ಲಿ ದ್ರಾಗೊ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದ. ಆಜ್ಞೆ ಆಜ್ಞೆಯೇ. ಬಂದವರು ಮೊಟ್ಟೆ ಹಿಡಿದು ಸಾಲಾಗಿ ನಿಂತರು. ಹಿರಿಯನೊಬ್ಬ ವೆಂದೆಲನ ತೋಳನ್ನು ಮೆಲ್ಲಗೆ ಚಿವುಟಿ ನೋಡಿದ. ವೆಂದೆಲ್, ಬೀಗರ ಎದುರು ಇದೇನು ಎಂದು ಕಣ್ಣಲ್ಲೇ ಗದರಿದ. ಹಿರಿಯನಿಗೆ ತಿಲ್ಕಾಳ ಮೇಲೆ ಸಿಟ್ಟು ಬಂದಂತೆ ಕಂಡಿತು.

ಅದೇ ಹೊತ್ತಿಗೆ ಉರ್ಶ್ಕಾಳ ಕಾರು ಊರಿಗೆ ತಿರುಗಿತ್ತು. ಊರಾಚೆ ಪೆಟ್ರೋಲ್ ಹಾಕಿಸುವಾಗಲೇ ಗಂಟೆ ಅವಳ ಕಿವಿಗೂ ಬಿದ್ದಿತ್ತು. ಈ ಊರಿನಲ್ಲಿ ಹುಟ್ಟಿದವರು ಗಂಟೆ ಎಣಿಸದೆ ಇರಲಾರರು. ಮೂರು. ತಿರುವು ದಾಟಿದರೆ ತನ್ನ ಮನೆಯ ಜಗುಲಿಯಲ್ಲಿ ದೀಪ, ಬಾಗಿದ ಧ್ವಜ, ಅಂಗಳ ತುಂಬ ಜನ. ಕಾರು ನಿಲ್ಲುವ ಮುಂಚೆಯೇ ಅವಳು ಬಾಗಿಲು ತೆಗೆದು ಓಡಿದಳು.

ಜನ ದಾರಿ ಬಿಟ್ಟರು. "ಅಪ್ಪ ಎಲ್ಲಿ?" ಎಂದಳು. ಎಲ್ಲರೂ ದ್ರಾಗೊನ ತುಟಿಯ ಮೇಲಿನ ಬೆರಳು ನೋಡಿದರು. "ಯಾರಾದ್ರೂ ಬಾಯಿ ಬಿಡಿ. ನಮ್ಮಪ್ಪ ಎಲ್ಲಿ?"

ಬೊಹುಮಿಲನ ದೊಡ್ಡ ಕೋಟಿನ ಹಿಂದಿನಿಂದ ವೆಂದೆಲ್ ಮೆಲ್ಲಗೆ ಹೊರಬಂದ. ಮಗಳ ಮುಖ ಸುಣ್ಣವಾಗಿತ್ತು. ಅವಳು ಅವನ ಎರಡೂ ಕೆನ್ನೆ ಹಿಡಿದು, ಕಿವಿ ಮುಟ್ಟಿ, ಸೂಟಿನ ಕಾಲರು ಹಿಡಿದು ನೋಡಿದಳು.

"ನೀನು ಸತ್ತಿಲ್ವಾ?"

ವೆಂದೆಲ್ ತಾನೇ ಹಾಕಿದ ಆಜ್ಞೆಯನ್ನು ಮರೆತ. "ಇಲ್ಲಮ್ಮ. ನಂಗೆ ಗೊತ್ತಿದ್ದ ಮಟ್ಟಿಗೆ ಇಲ್ಲ."

ಉರ್ಶ್ಕಾ ಅವನ ಕತ್ತಿಗೆ ಜೋತುಬಿದ್ದು ಅತ್ತಳು. ಅತ್ತು ಮುಗಿದ ಮೇಲೆ ಕೈಚೀಲದಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದಳು. ಆ ನಾಲ್ಕೇಟಿಗೆ ಇಡೀ ಅಂಗಳದ ಬಾಯಿ ಒಟ್ಟಿಗೆ ಬಿಚ್ಚಿಕೊಂಡಿತು. ನಲವತ್ತು ಜನ, ಅಷ್ಟೂ ಹೊತ್ತು ತಡೆಹಿಡಿದಿದ್ದ ಮಾತು. ತಿಲ್ಕಾ ತನ್ನದೇನೂ ತಪ್ಪಿಲ್ಲ ಎಂದಳು, ದ್ರಾಗೊ ಮೇಲಿನವರ ಆಜ್ಞೆ ಎಂದ. ರೇಜಿಕಾ ಗಂಡನ ಕಡೆ ಬೆರಳು ಚಾಚಿ, ಮದುವೆಯಾದಾಗಿನಿಂದ ಮನಸ್ಸಿನಲ್ಲಿ ಕೂಡಿಟ್ಟದ್ದನ್ನು ಒಂದನ್ನೂ ಬಿಡದೆ ಹೇಳಿದಳು. ಅದರಲ್ಲಿ ನಲವತ್ತಮೂರೂ ನಿಷೇಧಿತ ಶಬ್ದಗಳು ಬಂದು ಹೋದವು. ಲಿಬುಶೆ ಅಷ್ಟನ್ನೂ ಕೇಳಿಸಿಕೊಂಡು, ಎಲ್ಲಿ ತಲೆಯಾಡಿಸಬೇಕೋ ಅಲ್ಲೇ ತಲೆಯಾಡಿಸಿದಳು. ಅವಳ ಗಂಡನೂ ಅಂಥವನೇ ಇರಬೇಕು.

ಉರ್ಶ್ಕಾ ಎರಡೂ ಕಡೆಯವರನ್ನು ಕೂರಿಸಿ, ಎದೆಯ ಮೇಲಿಟ್ಟ ಕೈ, ಎತ್ತಿದ ಬೆರಳು, ಹಚ್ಚಿದ ದೀಪ ಎಲ್ಲವನ್ನೂ ಬಿಡಿಸಿ ಹೇಳಿದಳು. ಸತ್ತ ಅಣ್ಣ ಹುಟ್ಟೇ ಇಲ್ಲ ಎಂದು ತಿಳಿದಾಗ ಲಿಬುಶೆ ಬೆಂಚಿನ ಮೇಲೆ ಕುಸಿದು ಕೂತಳು. ಬೊಹುಮಿಲ್ ಎದ್ದು ನಿಂತು, ಮೊಟ್ಟೆ ಹಿಡಿದವರನ್ನು, ಹಿಟ್ಟು ಹಿಡಿದವರನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದ.

ಕೆಲಸ ಕೆಟ್ಟಿತು ಎಂದು ವೆಂದೆಲನಿಗೆ ಗೊತ್ತಾಯಿತು. ದೂರದಿಂದ ಬಂದ ಬೀಗರನ್ನು ಒಂದು ಗಂಟೆ ಹೊತ್ತು ಸುಳ್ಳು ಸಾವಿಗೆ ಅಳಿಸಿದ್ದಾಗಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಮದುವೆ ಇಲ್ಲೇ ಆಗಲಿ ಎನ್ನುವುದು? ರೇಜಿಕಾಳ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳ ಕೈ ಏಪ್ರನ್ನಿನ ಅಂಚನ್ನು ಹಿಂಡುತ್ತಿದ್ದದ್ದು ಮಾತ್ರ ಕಂಡಿತು.

ಬೊಹುಮಿಲ್ ಜಗುಲಿಯ ಮೆಟ್ಟಿಲು ಹತ್ತಿದ. ಉರ್ಶ್ಕಾ ಅನುವಾದಿಸಲು ಪಕ್ಕಕ್ಕೆ ಬಂದಳು. ಅವನು ಬೇಡವೆಂದು ಕೈಯಾಡಿಸಿ, ತನ್ನ ಭಾಷೆಯಲ್ಲೇ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದ.

"ನಮ್ಮೂರ ಸಭಾಂಗಣ ದೊಡ್ಡದು. ಐನೂರು ಜನ ಕೂರಬಹುದು. ಆದ್ರೆ ನಮ್ಮ ಬೀದೀಲಿ ಗಂಟೆ ಬಾರಿಸಿದ್ರೆ ಜನ ಕಿಟಕಿ ಹಾಕ್ಕೋತಾರೆ. ಇಲ್ಲಿ ಯಾರು ಸತ್ತರು ಅಂತ ಸರಿಯಾಗಿ ಗೊತ್ತಿಲ್ಲ, ಕಾಲು ಗಂಟೇಲಿ ಊರೇ ಮೊಟ್ಟೆ ಹಿಡ್ಕೊಂಡು ಬಂತು. ನಾನು ಕಂಡಿಲ್ಲದ ಹುಡುಗನಿಗೋಸ್ಕರ ಅತ್ತೆ. ಈ ಮನುಷ್ಯ ಯಾಕೆ ಅಂತ ಕೇಳ್ದೆ ನನ್ನ ಜೊತೆ ಅತ್ತ. ನನ್ನ ಮಗನ ಮದುವೆ ಇಂಥ ಜನರ ನಡುವೆ ಆಗಲಿ. ಇಲ್ಲೇ ಆಗಲಿ."

ಎಲ್ಲರಿಗೂ ಅರ್ಥವಾದ ಹಾಗಿತ್ತು. ಅರ್ಥವಾದದ್ದನ್ನು ನಂಬಬಹುದೇ ಎಂದು ಯಾರಿಗೂ ಖಾತ್ರಿಯಿರಲಿಲ್ಲ, ಬೆಳಗಿನಿಂದ ಅವರಿಗೆ ಅಷ್ಟು ಪಾಠವಾಗಿತ್ತು. ದ್ರಾಗೊ ಎಲ್ಲರ ಪರವಾಗಿ ಕೇಳಿದ.

"ವೆಂದೆಲ್, ಏನಂದ್ರು?"

ನಲವತ್ತು ಮುಖ ಅವನ ಕಡೆ ತಿರುಗಿದವು. ರೇಜಿಕಾಳ ಕೈ ಏಪ್ರನ್ನಿನ ಮೇಲೆ ಅಲುಗದೆ ನಿಂತಿತು. ವೆಂದೆಲ್ ಒಮ್ಮೆ ಬೀಗರನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

"ದ್ರಾಗೊ, ನಂಗೆ ಚೆಕ್ ಬರಲ್ಲ," ಎಂದ. "ಉಳಿದ ಎಂಟೂ ಬರಲ್ಲ. ಬರೋದು ನಮ್ಮ ಮನೆಮಾತೊಂದೇ. ಆದ್ರೆ ಅವರು ಮದುವೆ ನಮ್ಮ ಹೊಸಿಲಿಂದಲೇ ಅಂತಿದಾರೆ. ಅದು ನಂಗೆ ಚೆನ್ನಾಗಿ ಅರ್ಥ ಆಯ್ತು."

ರೇಜಿಕಾ ಮುಖವನ್ನು ಏಪ್ರನ್ನಿನಲ್ಲಿ ಒರೆಸಿಕೊಂಡು, ಬೀಗಿತ್ತಿಯ ಕೈ ಹಿಡಿದು ಎಬ್ಬಿಸಿದಳು.

"ನಿಂಗೆ ಬರಲ್ಲ ಅನ್ನೋದು ಮದುವೆ ಆದ ವಾರದಲ್ಲೇ ನಂಗೆ ಗೊತ್ತಿತ್ತು ವೆಂದೆಲ್," ಎಂದಳು. "ಹೋಗು, ಎಲ್ಲರಿಗೂ ಕುರ್ಚಿ ಹಾಕು."